ಟವರ್ ಸತ್ತ ಮೇಲೆ ರಕ್ಷಣಾ ಸಿಬ್ಬಂದಿ ಮಾತಾಡೋದು ಹೇಗೆ?

ಘಟ್ಟದ ಕಡೆ ಗುಡ್ಡ ಕುಸಿದಾಗಲೆಲ್ಲ ಸುದ್ದಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಮೊಬೈಲ್ ಸಂಪರ್ಕ ಕಡಿತಗೊಂಡಿದೆ.’ ಕರೆಂಟ್ ಹೋದಷ್ಟೇ ಸಹಜ ಅನ್ನೋ ಹಾಗೆ ಅದನ್ನು ಓದಿ ನಾವು ಮುಂದೆ ಹೋಗ್ತೇವೆ. ಅದೇ ಹೊತ್ತಿನಲ್ಲಿ ಮಣ್ಣಿನಡಿ ಸಿಕ್ಕವರನ್ನು ಹುಡುಕುತ್ತಿರುವ ಅಗ್ನಿಶಾಮಕ ಸಿಬ್ಬಂದಿ, ಹೊಳೆಯಾಚೆ ನಿಂತ ಪೊಲೀಸರು, ರಸ್ತೆ ತೆರೆದಿದೆಯೋ ಇಲ್ಲವೋ ಗೊತ್ತಿಲ್ಲದ ಆಂಬುಲೆನ್ಸ್ ಚಾಲಕ ಇವರೆಲ್ಲ ಪರಸ್ಪರ ಮಾತಾಡಲೇಬೇಕು. ಹೇಗೆ?

ಎಲೆಕ್ಟ್ರಾನಿಕ್ಸ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ನಾನು. ಈ ಪ್ರಶ್ನೆಯ ತಾಂತ್ರಿಕ ಭಾಗಕ್ಕೆ ಉತ್ತರ ದಶಕಗಳ ಹಿಂದೆಯೇ ಸಿಕ್ಕಿದೆ. ಉಳಿದಿರುವುದು ಆಡಳಿತದ ಭಾಗ.

ಪಕ್ಕದಲ್ಲೇ ಇದ್ದರೂ ಕೇಳಿಸದ ಫೋನ್

ನೀವು ಮತ್ತು ನಿಮ್ಮ ಗೆಳೆಯ ಹತ್ತು ಅಡಿ ದೂರದಲ್ಲಿ ನಿಂತು ಫೋನಲ್ಲಿ ಮಾತಾಡಿ. ನಿಮ್ಮ ದನಿ ನೇರವಾಗಿ ಅವನಿಗೆ ಹೋಗುವುದಿಲ್ಲ. ಟವರ್‌ಗೆ ಹೋಗಿ, ಅಲ್ಲಿಂದ ಸಾಮಾನ್ಯವಾಗಿ ಫೈಬರ್ ಕೇಬಲ್ ಮೂಲಕ ಕಂಪನಿಯ ಕೇಂದ್ರ ತಲುಪಿ, ತಿರುಗಿ ಟವರ್‌ಗೆ ಬಂದು ಅವನ ಫೋನ್ ಸೇರುತ್ತದೆ. ಈ ಸರಪಳಿಯ ಒಂದು ಕೊಂಡಿ ತುಂಡಾದರೂ ಮಾತು ನಿಂತಿತು.

ಗುಡ್ಡ ಕುಸಿದಾಗ ಕೊಂಡಿಗಳೆಲ್ಲ ಒಟ್ಟಿಗೇ ತುಂಡಾಗುತ್ತವೆ. ಫೈಬರ್ ಕೇಬಲ್ ಹೆಚ್ಚಾಗಿ ರಸ್ತೆ ಬದಿಯಲ್ಲೇ ಹೂತಿರುತ್ತದೆ. ರಸ್ತೆ ಜಾರಿದರೆ ಅದೂ ಜಾರುತ್ತದೆ. ಕರೆಂಟ್ ಹೋದ ಮೇಲೆ ಟವರ್ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಆಮೇಲೆ ಜನರೇಟರ್‌ಗೆ ಡೀಸೆಲ್ ಬೇಕು, ಡೀಸೆಲ್ ತರಲು ಅದೇ ರಸ್ತೆ ಬೇಕು. ಉಳಿದ ಒಂದೆರಡು ಟವರ್‌ಗಳ ಮೇಲೆ ಇಡೀ ತಾಲೂಕಿನವರು ಮನೆಯವರನ್ನು ವಿಚಾರಿಸಲು ಒಮ್ಮೆಲೇ ಮುಗಿಬೀಳುತ್ತಾರೆ. ಆ ಗದ್ದಲದಲ್ಲಿ ರಕ್ಷಣಾ ತಂಡದ ಕರೆಯೂ ಕ್ಯೂನಲ್ಲಿ ಒಂದು ಅಷ್ಟೇ.

ಹಾಗಾಗಿ ‘ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದ್ದೀವಿ’ ಅಂತ ಅಧಿಕಾರಿ ಹೇಳಿದರೆ ಅದನ್ನು ವಿಪತ್ತಿನ ಸಿದ್ಧತೆ ಅಂತ ಒಪ್ಪಿಕೊಳ್ಳಬೇಡಿ. ವಾಕಿ–ಟಾಕಿ ಥರ ಬಟನ್ ಒತ್ತಿ ಮಾತಾಡುವ ಆ್ಯಪ್‌ಗಳ ಕತೆಯೂ ಇದೇ. ಅವಕ್ಕೂ ಟವರ್ ಬೇಕು.

ನಡುವೆ ಯಾರೂ ಬೇಡದ ಸೆಟ್

ವಾಕಿ–ಟಾಕಿಯ ಶಕ್ತಿ ಇರುವುದು ಇಲ್ಲೇ. ಒಂದು ಸೆಟ್‌ನಿಂದ ಹೊರಟ ಅಲೆ ನೇರವಾಗಿ ಇನ್ನೊಂದು ಸೆಟ್‌ಗೆ ಹೋಗುತ್ತದೆ. ನಂಬರ್ ಒತ್ತಬೇಕಿಲ್ಲ, ಒಬ್ಬ ಮಾತಾಡಿದರೆ ಆ ಚಾನೆಲ್‌ನಲ್ಲಿರುವ ಎಲ್ಲರಿಗೂ ಕೇಳುತ್ತದೆ. ‘ಮೇಲಿಂದ ಮತ್ತೆ ಮಣ್ಣು ಬರ್ತಿದೆ, ಓಡಿ’ ಅನ್ನೋದನ್ನು ಇಪ್ಪತ್ತು ಜನಕ್ಕೆ ಇಪ್ಪತ್ತು ಸಲ ಹೇಳಬೇಕಿಲ್ಲ. ಮೊಬೈಲ್ ಫೋನ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟ್ ಆಸುಪಾಸು. ಕೈಯಲ್ಲಿ ಹಿಡಿಯುವ ವಾಕಿ–ಟಾಕಿಯದ್ದು ಸುಮಾರು 5 ವ್ಯಾಟ್.

ಮಿತಿಯೂ ಇದೆ. ಪೊಲೀಸರು ಬಳಸುವ ವಿಎಚ್‌ಎಫ್, ಯುಎಚ್‌ಎಫ್ ಅಲೆಗಳು ಹೆಚ್ಚುಕಮ್ಮಿ ನೇರವಾಗಿ ಸಾಗುತ್ತವೆ. ನಡುವೆ ಗುಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತವೆ. ಅದಕ್ಕೇ ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ. ಅದು ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಜೋರಾಗಿ ಮರುಪ್ರಸಾರ ಮಾಡುತ್ತದೆ. ಹೊತ್ತೊಯ್ಯುವ ರಿಪೀಟರ್‌ಗಳೂ ಇವೆ: ಒಂದು ಪೆಟ್ಟಿಗೆ, ಒಂದು ಬ್ಯಾಟರಿ, ಒಂದು ಆಂಟೆನಾ, ಗುಡ್ಡ ಹತ್ತಲು ಇಬ್ಬರು.

ಜಿಲ್ಲೆಯೇ ಹೊರಜಗತ್ತಿನಿಂದ ಕಡಿದುಹೋದರೆ ಎಚ್‌ಎಫ್ ರೇಡಿಯೊ ಇದೆ. ಅದರ ಅಲೆ ಆಕಾಶದ ಅಯಾನುಗೋಳಕ್ಕೆ ಬಡಿದು ವಾಪಸ್ ನೆಲಕ್ಕೆ ಬರುವುದರಿಂದ ಗುಡ್ಡ ಅಡ್ಡಬರುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿ ದಿನ ಭಾರತಿ ಪ್ರಸಾದ್ ನೇತೃತ್ವದ ಹವ್ಯಾಸಿ ರೇಡಿಯೊ ತಂಡ ಬೇರೆ ಕಾರಣಕ್ಕೆ ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನ್‌ನಿಂದ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದ್ದು ಅವರ ಇಂಥ ಸೆಟ್‌ಗಳೇ.

ಸೆಟ್ ಇದ್ದರೂ ಕೇಳಿಸದಿದ್ದರೆ?

ಯಂತ್ರ ಕೊಂಡರೆ ಸಾಲದು ಅನ್ನುವುದಕ್ಕೆ ದೊಡ್ಡ ಪಾಠ ನ್ಯೂಯಾರ್ಕ್‌ನದ್ದು. 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಅಗ್ನಿಶಾಮಕ ದಳಕ್ಕಾಗಿ ರಿಪೀಟರ್ ಇತ್ತು. ಅದರ ಎರಡು ಬಟನ್‌ಗಳಲ್ಲಿ ಒಂದನ್ನಷ್ಟೇ ಒತ್ತಲಾಗಿತ್ತು. ಉತ್ತರ ಗೋಪುರದಲ್ಲಿದ್ದ ಮುಖ್ಯಸ್ಥರು ಪರೀಕ್ಷಿಸಿ, ಕೆಲಸ ಮಾಡ್ತಿಲ್ಲ ಅಂದುಕೊಂಡು ಬೇರೆ ಚಾನೆಲ್‌ಗೆ ಹೋದರು. ದಕ್ಷಿಣ ಗೋಪುರ 9:59ಕ್ಕೆ ಬಿತ್ತು. ‘ಹೊರಗೆ ಬನ್ನಿ’ ಅನ್ನುವ ಆದೇಶ ಉತ್ತರ ಗೋಪುರದಲ್ಲಿದ್ದ ಎಲ್ಲರಿಗೂ ತಲುಪಲಿಲ್ಲ. 10:28ಕ್ಕೆ ಅದೂ ಕುಸಿಯಿತು. ಮೇಲೆ ಹಾರುತ್ತಿದ್ದ ಪೊಲೀಸ್ ಹೆಲಿಕಾಪ್ಟರ್ ಕೊಟ್ಟ ಎಚ್ಚರಿಕೆ ಅಗ್ನಿಶಾಮಕ ದಳಕ್ಕೆ ಕೇಳುವ ವ್ಯವಸ್ಥೆಯೇ ಇರಲಿಲ್ಲ. ಎರಡು ಇಲಾಖೆ, ಎರಡು ರೇಡಿಯೊ ಲೋಕ. ಆ ದಿನ 343 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಎಲ್ಲ ಸಾವಿಗೂ ರೇಡಿಯೊ ಕಾರಣವಲ್ಲ. ಆದರೆ ತನಿಖಾ ಆಯೋಗ ಈ ಸಂವಹನ ವೈಫಲ್ಯವನ್ನು ದಾಖಲಿಸಿತು.

ಅಮೆರಿಕ 2012ರಲ್ಲಿ ಕಾನೂನು ಮಾಡಿ, 700 ಕೋಟಿ ಡಾಲರ್ ಎತ್ತಿಟ್ಟು, ರಕ್ಷಣಾ ಸಿಬ್ಬಂದಿಗೇ ಮೀಸಲಾದ ಫಸ್ಟ್‌ನೆಟ್ ಎಂಬ ಜಾಲ ಕಟ್ಟಲು ಹೊರಟಿತು. ನಮ್ಮಲ್ಲಿ ಟ್ರಾಯ್ ಜೂನ್ 2018ರಲ್ಲಿ ಅಂಥದ್ದೇ ದೇಶವ್ಯಾಪಿ ಜಾಲ ಬೇಕೆಂದು ಶಿಫಾರಸು ಮಾಡಿತು. ಎರಡೇ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳು ವಯನಾಡಿನ ಚೂರಲ್‌ಮಲ. ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋಗಿತ್ತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟುವವರೆಗೆ ಭಾರಿ ಯಂತ್ರಗಳು ಆಚೆ ದಡ ಸೇರುವುದು ಕಷ್ಟವಿತ್ತು. ಜನ, ಯಂತ್ರ ದಾಟದ ಹೊಳೆಯನ್ನು ಮಾತಾದರೂ ದಾಟಬೇಕಲ್ವಾ?

ಕೇಳಬೇಕಾದದ್ದು ಯಾರನ್ನು?

ದೇಶವ್ಯಾಪಿ ಜಾಲ ಬರಲಿ. ಆದರೆ ಅದಕ್ಕಾಗಿ ಕಾಯಬೇಕಿಲ್ಲ. ಅದೂ ಟವರ್‌ಗಳ ಮೇಲೇ ನಿಂತಿರುತ್ತದೆ, ಹಾಗಾಗಿ ಬಂದ ಮೇಲೂ ನೇರ ಮಾತಿನ ಸೆಟ್ ಬೇಕೇ ಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಜಿಲ್ಲಾ ಯೋಜನೆಯನ್ನು ಪ್ರತಿವರ್ಷ ಪರಿಶೀಲಿಸಬೇಕು. ನಿಮ್ಮ ಜಿಲ್ಲೆಯ ಯೋಜನೆ ಹಿಡಿದು ನಾಲ್ಕು ಪ್ರಶ್ನೆ ಕೇಳಿ.

ಒಂದು, ಪೊಲೀಸ್, ಅಗ್ನಿಶಾಮಕ, ಅರಣ್ಯ, ಆರೋಗ್ಯ ಇಲಾಖೆಗಳ ಸೆಟ್‌ಗಳಲ್ಲಿ ರಿಪೀಟರ್ ಇಲ್ಲದೆ ನೇರ ಮಾತಾಡುವ ಒಂದಾದರೂ ಸಮಾನ ಚಾನೆಲ್ ಇದೆಯೇ? ಎರಡು, ಮಳೆಗಾಲಕ್ಕೆ ಮುಂಚೆ ಹೊತ್ತೊಯ್ಯುವ ರಿಪೀಟರ್ ಯಾವ ತಾಲೂಕಿನಲ್ಲಿದೆ, ಅದರ ಬ್ಯಾಟರಿ ಚಾರ್ಜ್ ಆಗಿದೆಯೇ? ಮೂರು, ಮೊದಲು ಸ್ಥಳಕ್ಕೆ ಓಡುವವರು ಪಕ್ಕದ ಮನೆಯವರು, ತೋಟದ ಕಾರ್ಮಿಕರು, ಪಂಚಾಯಿತಿ ಸಿಬ್ಬಂದಿ. ಅವರ ಕೈಗೆ ಸೆಟ್ ಸೇರುವ ಅಧಿಕೃತ ದಾರಿ ಇದೆಯೇ? ನಾಲ್ಕು, ಮೊಬೈಲ್ ಮುಟ್ಟದೆ ಅಣಕು ಕಾರ್ಯಾಚರಣೆ ನಡೆಸಿದ್ದು ಕೊನೆಯ ಬಾರಿ ಯಾವಾಗ?

ಇಷ್ಟಕ್ಕೆ ಉಪಗ್ರಹ ಫೋನ್ ಅಂತ ಉತ್ತರ ಬಂದರೆ ಒಪ್ಪಬೇಡಿ. ಅದಕ್ಕೆ ತೆರೆದ ಆಕಾಶ ಬೇಕು, ದಟ್ಟ ಕಾಡಲ್ಲಿ ತಡವರಿಸುತ್ತದೆ. ನಮ್ಮಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತೆಯೂ ಇಲ್ಲ. ಕಂಟ್ರೋಲ್ ರೂಮಿಗೆ ಅದು ಸರಿ, ಕೆಸರಲ್ಲಿ ನಿಂತ ಇಪ್ಪತ್ತು ಜನಕ್ಕೆ ಅಲ್ಲ.

ನೀವೇ ಏನಾದರೂ ಮಾಡಬೇಕು ಅನ್ನಿಸಿದರೆ ಹವ್ಯಾಸಿ ರೇಡಿಯೊ ಪರವಾನಗಿ ಪರೀಕ್ಷೆ ಬರೆಯಿರಿ. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಘಟ್ಟದ ಒಂದೊಂದು ಕಾಲೇಜಿನಲ್ಲಿ ಹತ್ತು ಜನ ಹೀಗೆ ತಯಾರಾದರೆ, ಮುಂದಿನ ಸಲ ಟವರ್ ಸತ್ತಾಗ ಸಂದೇಶ ದಾಟಿಸಲು ಊರಲ್ಲೇ ಜನ ಇರುತ್ತಾರೆ.