ದೂರದಿಂದಲೇ ಗಣಕಯಂತ್ರದ ನಿಯಂತ್ರಣ

ದಿಂಡಿಗಲ್ ಜಿಲ್ಲೆಯ ನಿಲಕ್ಕೋಟ್ಟೈ ಮಲ್ಲಿಗೆ ಹೂವಿಗೆ ಹೆಸರಾದ ಊರು. ಅಲ್ಲಿನ ಹೂಮಂಡಿಯೊಂದನ್ನು ಊಹಿಸಿಕೊಳ್ಳಿ. ಮುಂಜಾನೆ ರೈತರು ಹೂವು ತಂದು ಸಾಲಾಗಿ ನಿಂತಿದ್ದಾರೆ. ತೂಕ, ದರ, ಬಾಕಿ ಎಲ್ಲದರ ಲೆಕ್ಕವೂ ಗಣಕಯಂತ್ರದಲ್ಲಿದೆ. ಇದ್ದಕ್ಕಿದ್ದಂತೆ ಲೆಕ್ಕದ ತಂತ್ರಾಂಶ ಕೈಕೊಟ್ಟಿತು. ಅದನ್ನು ಸರಿಪಡಿಸಬಲ್ಲವರು ಮಧುರೆಯಲ್ಲಿದ್ದಾರೆ. ಅವರು ಬಸ್ಸು ಹಿಡಿದು ಬರುವವರೆಗೆ ಮಲ್ಲಿಗೆ ಕಾಯುತ್ತದೆಯೇ? ಮೊಗ್ಗು ಅರಳಿದರೆ ಬೆಲೆ ಇಳಿಯುತ್ತದೆ.

ಇಂತಹ ಸಮಯದಲ್ಲಿ ನೆರವಾಗುವುದೇ ದೂರ ನಿಯಂತ್ರಣ ತಂತ್ರಾಂಶ. ಇದರ ಸಹಾಯದಿಂದ ಮಧುರೆಯಲ್ಲಿ ಕುಳಿತೇ ನಿಲಕ್ಕೋಟ್ಟೈಯ ಗಣಕಯಂತ್ರವನ್ನು ನಡೆಸಬಹುದು.

ಇದು ಹೇಗೆ ಸಾಧ್ಯ? ಎರಡೂ ಯಂತ್ರಗಳಲ್ಲಿ ಈ ತಂತ್ರಾಂಶ ಇರಬೇಕು. ಮಂಡಿಯ ಯಂತ್ರವು ತನ್ನ ಪರದೆಯ ಚಿತ್ರವನ್ನು ಅಂತರಜಾಲದ ಮೂಲಕ ಕಳುಹಿಸುತ್ತದೆ. ಪ್ರತಿ ಸಲವೂ ಇಡೀ ಚಿತ್ರವನ್ನು ಕಳುಹಿಸಬೇಕಾಗಿಲ್ಲ; ಬದಲಾದ ಭಾಗ ಮಾತ್ರ ಸಾಕು. ಮಧುರೆಯಲ್ಲಿರುವವರು ಮೌಸನ್ನು ಆಡಿಸಿದರೆ, ಕೀಲಿಯನ್ನು ಒತ್ತಿದರೆ, ಆ ಆಜ್ಞೆ ಮಂಡಿಗೆ ತಲಪುತ್ತದೆ. ಕೆಲಸ ನಡೆಯುವುದು ಮಂಡಿಯ ಯಂತ್ರದಲ್ಲಿಯೇ.

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಸಂಶೋಧನಾಲಯವೊಂದರಲ್ಲಿ ರೂಪುಗೊಂಡ 'ವಿ.ಎನ್.ಸಿ.' ಎಂಬ ತಂತ್ರಾಂಶವನ್ನು 1998ರಲ್ಲಿ ಎಲ್ಲರಿಗೂ ಉಚಿತವಾಗಿ ನೀಡಲಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಪ್ರೊಫೆಷನಲ್ ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತ್ತು. 2005ರಲ್ಲಿ ಜರ್ಮನಿಯಲ್ಲಿ 'ಟೀಮ್‌ವ್ಯೂವರ್' ಹುಟ್ಟಿತು. ಈಗ ಮೊಬೈಲ್ ಫೋನಿನಲ್ಲಿಯೂ ಇಂತಹ ತಂತ್ರಾಂಶಗಳಿವೆ.

ಆದರೆ ಅನುಕೂಲವಿದ್ದಲ್ಲಿ ಅಪಾಯವೂ ಇದೆ. ಸಂಪರ್ಕಕ್ಕೆ ಬೇಕಾದ ಸಂಖ್ಯೆ, ಗುಪ್ತಪದಗಳು ಮನೆಯ ಕೀಲಿಕೈ ಇದ್ದಂತೆ. ಕೀಲಿಕೈ ಪಡೆದವನು ಕೋಣೆ ಕೋಣೆಗೂ ಹೋಗಬಲ್ಲ. "ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ" ಎಂದು ಫೋನು ಮಾಡುವ ವಂಚಕರು ಇಂತಹ ತಂತ್ರಾಂಶವನ್ನು ಹಾಕಿಕೊಳ್ಳಲು ಹೇಳುತ್ತಾರೆ. ಬಳಿಕ ಪರದೆಯ ಮೇಲೆ ಬರುವ ರಹಸ್ಯ ಸಂಖ್ಯೆಯನ್ನು ನೋಡಿ ಹಣ ದೋಚುತ್ತಾರೆ. 2019ರ ಫೆಬ್ರವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಈ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು.

ಆದುದರಿಂದ ನಾವಾಗಿ ಕರೆದ, ನಮಗೆ ಪರಿಚಯವಿರುವವರಿಗೆ ಮಾತ್ರ ಅನುಮತಿ ನೀಡಬೇಕು. ಅವರು ಕೆಲಸ ಮಾಡುವಾಗ ಪರದೆಯನ್ನು ನೋಡುತ್ತಿರಬೇಕು. ಕೆಲಸ ಮುಗಿದೊಡನೆ ಸಂಪರ್ಕವನ್ನು ಕಡಿಯಬೇಕು. ಹಣ ಹೋಯಿತೆಂದು ತಿಳಿದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ನೀಡಬೇಕು.

ಮಂಡಿಯ ಲೆಕ್ಕ ಸರಿಹೋಯಿತು. ಮೊಗ್ಗು ಅರಳುವ ಮೊದಲೇ ಮಲ್ಲಿಗೆ ಮಾರಾಟವಾಯಿತು. ಬಾಗಿಲು ತೆರೆಯಲು ತಿಳಿದಿದ್ದ ಮಂಡಿಯವರಿಗೆ ಅದನ್ನು ಮುಚ್ಚಲೂ ತಿಳಿದಿತ್ತು.

ಪದಗಳ ಅರ್ಥ
ಮಂಡಿ – ಸಗಟು ವ್ಯಾಪಾರದ ಅಂಗಡಿ
ಗುಪ್ತಪದ – ಗುಟ್ಟಾಗಿಡಬೇಕಾದ ಪದ
ದೋಚು – ಸುಲಿಗೆ ಮಾಡು

ಪ್ರಶ್ನೆಗಳು
1. ಮಂಡಿಯವರು ಏಕೆ ಕಾಯುವಂತಿರಲಿಲ್ಲ?
2. ಎರಡು ಯಂತ್ರಗಳ ನಡುವೆ ಏನೇನು ಸಾಗುತ್ತದೆ?
3. ಗುಪ್ತಪದವನ್ನು ಕೀಲಿಕೈಗೆ ಹೋಲಿಸಿರುವುದೇಕೆ?