‘ಪುಟ್ ಆಫ್’ ಎಂದರೆ ಆರಿಸುವುದೇ, ಮುಂದೂಡುವುದೇ?

ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸಬೇಕೆಂದು ಕೋರಿ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಪೋಷಕರು ಕೆಲವು ವರ್ಷಗಳ ಹಿಂದೆ ಕಚೇರಿಯೊಂದಕ್ಕೆ ಮನವಿ ಸಲ್ಲಿಸಿದ್ದರು. ವಿಚಾರಣೆಗೆ ಒಂದು ಸೋಮವಾರ ನಿಗದಿಯಾಯಿತು. ಹಿಂದಿನ ಸಂಜೆ ಅವರಲ್ಲೊಬ್ಬ ತಾಯಿಯ ಮೊಬೈಲಿಗೆ ಇಂಗ್ಲಿಷ್ ಸಂದೇಶ ಬಂತು: ‘ಹಿಯರಿಂಗ್ ಪುಟ್ ಆಫ್ ಟಿಲ್ ಥರ್ಸ್‌ಡೇ.’ ಅವರು ಎಂಟನೆಯ ತರಗತಿಯ ಮಗನನ್ನು ಕೇಳಿದರು. ‘ಪುಟ್ ಆಫ್ ಎಂದರೆ ಆರಿಸು, ನಿಲ್ಲಿಸು, ಟಿಲ್ ಎಂದರೆ ವರೆಗೆ. ಗುರುವಾರದವರೆಗೆ ವಿಚಾರಣೆ ನಿಲ್ಲಿಸಿದ್ದಾರೆ ಅಮ್ಮ’ ಎಂದ ಮಗ. ಆಮೇಲೆ ಹೊಸ ದಿನ ತಿಳಿಸುವರೆಂದು ಎಲ್ಲರೂ ಕಾದರು. ಗುರುವಾರ ಯಾರೂ ಹೋಗಲಿಲ್ಲ. ವಿಚಾರಣೆ ಇದ್ದದ್ದು ಗುರುವಾರವೇ. ಅರ್ಜಿದಾರರು ಗೈರುಹಾಜರೆಂದು ದಾಖಲಾಗಿ, ಮನವಿಯನ್ನು ಮೊದಲಿನಿಂದ ಸಲ್ಲಿಸಬೇಕಾಯಿತು.

ಆ ಹುಡುಗ ತಪ್ಪು ಕಲಿತಿರಲಿಲ್ಲ, ಅರ್ಧ ಕಲಿತಿದ್ದ. ‘ಪುಟ್ ಆಫ್ – ಆರಿಸು’ ಎಂದು ಕರಿಹಲಗೆಯ ಮೇಲೆ ಬರೆದು ಮುಂದಿನ ಪದಕ್ಕೆ ಹೋದ ಅಧ್ಯಾಪಕ ನಾನೇ. ಆ ಅರ್ಧವನ್ನು ಪೂರ್ಣಗೊಳಿಸುವ ಪ್ರಯತ್ನವೇ ಈ ಲೇಖನ.

ಇಂತಹ ಜೋಡಿಪದಗಳನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. ‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ಆಚೆಗೆ, ದೂರಕ್ಕೆ. ಎರಡೂ ಕೂಡಿದಾಗ ಹುಟ್ಟುವ ಅರ್ಥ ಬಿಡಿಪದಗಳ ಅರ್ಥದಿಂದ ಬೇರೆಯಾಗಿರುತ್ತದೆ. ಇದು ಕನ್ನಡ ಮಕ್ಕಳಿಗೆ ಅಪರಿಚಿತವೇನಲ್ಲ. ‘ಪಂಪ್ ಕೈಕೊಟ್ಟಿತು’ ಎಂದರೆ ಪಂಪಿಗೆ ಕೈ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಕೈಕೊಡು, ಕೈಬಿಡು, ಕೈಹಿಡಿ ಎಂಬ ಪದಗಳನ್ನು ಒಟ್ಟಾಗಿ ಅರ್ಥಮಾಡಿಕೊಳ್ಳುವ ಮಗುವಿಗೆ ‘ಪುಟ್ ಆಫ್’ ಕೂಡ ಹಾಗೆಯೇ ಎಂದು ಹೇಳಿದರೆ ಸಾಕು.

ಮುಖ್ಯ ಅರ್ಥ: ಮುಂದೂಡು

ಗೊತ್ತುಪಡಿಸಿದ ಕಾರ್ಯವನ್ನು ಮುಂದಿನ ದಿನಕ್ಕೆ ಸರಿಸುವುದೇ ‘ಪುಟ್ ಆಫ್’ ಪದದ ಅತ್ಯಂತ ಬಳಕೆಯ ಅರ್ಥ. ‘ಪುಟ್ ಆಫ್ ಟಿಲ್ ಥರ್ಸ್‌ಡೇ’ ಎಂಬುದನ್ನು ‘ಗುರುವಾರದವರೆಗೆ’ ಎಂದು ಓದಬಾರದು, ‘ಗುರುವಾರಕ್ಕೆ ಮುಂದೂಡಲಾಗಿದೆ’ ಎಂದು ಓದಬೇಕು. ಇಲ್ಲಿ ‘ಟಿಲ್’ ಎಂಬುದಕ್ಕೆ ಕನ್ನಡದ ‘ಕ್ಕೆ’ ಪ್ರತ್ಯಯವೇ ಸರಿಸಾಟಿ. ಗುರುವಾರವೇ ಹೊಸ ದಿನ, ಅಂದೇ ಹಾಜರಾಗಬೇಕು.

ಇದರ ಸಮಾನಾರ್ಥಕ ಪದಗಳು ಹಲವು. ಅವುಗಳ ನಡುವಿನ ಸೂಕ್ಷ್ಮ ಭೇದವನ್ನು ಗಮನಿಸಿ.

ಪೋಸ್ಟ್‌ಪೋನ್: ಹೊಸ ದಿನಕ್ಕೆ ಸರಿಸು. ಲ್ಯಾಟಿನ್ ಮೂಲದಲ್ಲಿ ‘ಪೋಸ್ಟ್’ ಎಂದರೆ ನಂತರ, ‘ಪೋನೆರೆ’ ಎಂದರೆ ಇಡು. ‘ಪುಟ್ ಆಫ್’ ಮಾತಿನ ಪದವಾದರೆ ಇದು ಬರವಣಿಗೆಯ ಪದ.

ಡಿಫರ್: ಪರೀಕ್ಷೆ, ಪಾವತಿ, ತೀರ್ಮಾನ ಮೊದಲಾದವನ್ನು ಮುಂದಕ್ಕೆ ಹಾಕುವಾಗ ಕಚೇರಿಗಳು ಬಳಸುವ ಪದ.

ಅಡ್ಜರ್ನ್: ಸಭೆ, ನ್ಯಾಯಾಲಯದ ಕಲಾಪಗಳಿಗೆ ಮೀಸಲು. ‘ದಿನ’ ಎಂಬರ್ಥದ ಫ್ರೆಂಚ್ ಪದ ಇದರೊಳಗಿದೆ. ಇನ್ನೊಂದು ದಿನ ಗೊತ್ತುಮಾಡುವುದೇ ಇದರ ಮೂಲಾರ್ಥ.

ಡಿಲೇ: ತಡಮಾಡು, ತಡವಾಗು. ರೈಲು ತಡವಾದರೆ ‘ಡಿಲೇಡ್’ ಎನ್ನಬೇಕು. ಅಲ್ಲಿ ‘ಪುಟ್ ಆಫ್’ ಸಲ್ಲದು.

ಶೆಲ್ವ್: ಕಪಾಟಿನಲ್ಲಿಟ್ಟಂತೆ ಬದಿಗಿಡು. ಹೊಸ ದಿನಾಂಕದ ಭರವಸೆ ಇಲ್ಲಿಲ್ಲ. ನಮ್ಮ ಮನವಿಗಳಿಗೆ ಈ ಪದ ಬಂದರೆ ಎಚ್ಚರ ವಹಿಸಬೇಕು.

ಪ್ರೊಕ್ರಾಸ್ಟಿನೇಟ್: ಮಾಡಬೇಕಾದ ಕೆಲಸವನ್ನು ನಾಳೆ ನಾಳೆ ಎಂದು ತಳ್ಳುವ ಸ್ವಭಾವ. ಲ್ಯಾಟಿನ್ನಿನಲ್ಲಿ ‘ಕ್ರಾಸ್’ ಎಂದರೆ ನಾಳೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ಮುಂದೂಡಿದ ಹಳ್ಳಿಗಳ ಕಥೆ ಕೇಳಿದ ಮಕ್ಕಳು ಈ ಪದವನ್ನು ಮರೆಯಲಾರರು.

ಇನ್ನೊಂದು ಎಚ್ಚರಿಕೆ: ‘ಕಾಲ್ ಆಫ್’ ಎಂದರೆ ರದ್ದುಮಾಡು. ‘ಪುಟ್ ಆಫ್’ ಆದ ಸಭೆ ನಡೆಯುತ್ತದೆ, ‘ಕಾಲ್ ಆಫ್’ ಆದ ಸಭೆ ನಡೆಯುವುದಿಲ್ಲ.

ಉಳಿದ ಅರ್ಥಗಳು

ಎರಡನೆಯದು, ಮನಸ್ಸು ಹಿಂಜರಿಯುವಂತೆ ಮಾಡು, ಜುಗುಪ್ಸೆ ಹುಟ್ಟಿಸು. ದುರ್ವಾಸನೆ ಊಟವನ್ನು ಬೇಡವೆನ್ನಿಸಿದರೆ, ಕಟುಮಾತು ಮಗುವಿಗೆ ಗಣಿತವನ್ನು ಬೇಡವೆನ್ನಿಸಿದರೆ, ಅಲ್ಲಿ ‘ಪುಟ್ ಆಫ್’ ಬರುತ್ತದೆ. ಡಿಸ್ಕರೇಜ್, ಡಿಟರ್, ರಿಪೆಲ್ ಇದರ ಸಮಾನಾರ್ಥಕಗಳು. ‘ಆಫ್-ಪುಟಿಂಗ್’ ಎಂಬ ವಿಶೇಷಣ ಹುಟ್ಟಿದ್ದೂ ಇಲ್ಲಿಂದಲೇ.

ಮೂರನೆಯದು, ಏಕಾಗ್ರತೆ ಕೆಡಿಸು. ಓದುವವನ ಪಕ್ಕದಲ್ಲಿ ಟಿ.ವಿ. ಹಾಕಿದರೆ ಅದು ಅವನನ್ನು ‘ಪುಟ್ ಆಫ್’ ಮಾಡುತ್ತದೆ. ಸಮಾನಾರ್ಥಕ ಡಿಸ್ಟ್ರಾಕ್ಟ್.

ನಾಲ್ಕನೆಯದು, ವಾಹನದಿಂದ ಇಳಿಸು. ಟಿಕೆಟ್ ಇಲ್ಲದವನನ್ನು ನಿರ್ವಾಹಕ ಬಸ್ಸಿನಿಂದ ಇಳಿಸಿದನೆಂದು ಹೇಳಲೂ ಇದೇ ಪದ.

ಐದನೆಯದು, ನಾನು ಕಲಿಸಿದ ಆ ಒಂದೇ ಅರ್ಥ: ದೀಪ, ಫ್ಯಾನು ಆರಿಸು. ನಮ್ಮ ದೇಶದಲ್ಲಿ ಇದು ಬಹಳ ರೂಢಿಯಲ್ಲಿದೆ. ಆದರೆ ಪರೀಕ್ಷೆಯಲ್ಲಿ ‘ಸ್ವಿಚ್ ಆಫ್’ ಅಥವಾ ‘ಟರ್ನ್ ಆಫ್’ ಎಂದು ಬರೆಯುವುದೇ ಕ್ಷೇಮ. ಬೆಂಕಿ ನಂದಿಸುವುದಕ್ಕೆ ‘ಪುಟ್ ಔಟ್’ ಎಂಬ ಬೇರೆ ಪದವೇ ಇದೆ.

ಬಳಸುವಾಗ ಮೂರು ನಿಯಮ

‘ಪುಟ್’ ಭೂತಕಾಲದಲ್ಲಿಯೂ ‘ಪುಟ್’ ಆಗಿಯೇ ಉಳಿಯುತ್ತದೆ. ನಾಮಪದ ನಡುವೆಯೂ ಬರಬಹುದು, ಕೊನೆಗೂ ಬರಬಹುದು. ‘ಪುಟ್ ದ ಮೀಟಿಂಗ್ ಆಫ್’, ‘ಪುಟ್ ಆಫ್ ದ ಮೀಟಿಂಗ್’ ಎರಡೂ ಸರಿ. ಸರ್ವನಾಮ ಮಾತ್ರ ನಡುವೆಯೇ ಬರಬೇಕು: ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ಮುಂದೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು: ‘ಪುಟ್ ಆಫ್ ಗೋಯಿಂಗ್’ ಎನ್ನಬೇಕೇ ಹೊರತು ‘ಪುಟ್ ಆಫ್ ಟು ಗೋ’ ಎನ್ನಬಾರದು.

ಪೋಷಕರಲ್ಲಿ ಒಂದು ವಿನಂತಿ. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದಲೇ ಈ ತಪ್ಪಾಯಿತೆಂದು ದಯವಿಟ್ಟು ಭಾವಿಸಬೇಡಿ. ‘ಗುರುವಾರದವರೆಗೆ’ ಮತ್ತು ‘ಗುರುವಾರಕ್ಕೆ’ ಇವುಗಳ ಅಂತರವನ್ನು ಮಗುವಿಗೆ ಒಂದೇ ಮಾತಿನಲ್ಲಿ ತಿಳಿಸಬಲ್ಲದ್ದು ಕನ್ನಡವೇ. ತಪ್ಪಾದದ್ದು ಒಂದು ಪದಕ್ಕೆ ಒಂದೇ ಅರ್ಥವೆಂದು ಕಲಿಸಿದ್ದರಿಂದ. ಮಗು ಹೊಸ ಇಂಗ್ಲಿಷ್ ಜೋಡಿಪದ ತಂದಾಗ ‘ಇದರ ಅರ್ಥವೇನು’ ಎನ್ನುವ ಬದಲು ‘ಇದಕ್ಕೆ ಎಷ್ಟು ಅರ್ಥಗಳಿವೆ’ ಎಂದು ಕೇಳಿ, ಪ್ರತಿ ಅರ್ಥಕ್ಕೂ ಒಂದು ಕನ್ನಡ ವಾಕ್ಯ ಬರೆಯಿಸಿ.

ಸಂವಿಧಾನದ 350ನೆಯ ವಿಧಿಯಂತೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ನಮಗಿದೆ. 1956ರಲ್ಲಿ ಸೇರಿಸಲಾದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಮನವಿಯನ್ನು ಕನ್ನಡದಲ್ಲಿಯೇ ಬರೆಯೋಣ. ಉತ್ತರ ಇಂಗ್ಲಿಷಿನಲ್ಲಿ ಬಂದರೆ, ಹೇಳಿದ ದಿನಕ್ಕೆ ಹಾಜರಾಗುವಷ್ಟು ಸರಿಯಾಗಿ ಅದನ್ನು ಓದೋಣ.