ಮಂಡಿ ಆಪರೇಷನ್‌ನಲ್ಲಿ ಕಂಪ್ಯೂಟರ್ ಮಾಡುವುದೇನು?

ಮೈಸೂರಿನ ವಿಜಯನಗರದ ಅಂಚಿನ ಒಂದು ಮನೆಗೆ, ಈದ ಹಸುವಿಗೆ ಕ್ಯಾಲ್ಸಿಯಂ ಹಾಕಲು ಹೋಗಿದ್ದೆ. ಮನೆಯೊಡತಿ ಗೋಡೆ ಹಿಡಿದುಕೊಂಡು ಎದ್ದರು. "ಡಾಕ್ಟ್ರೇ, ನನ್ನ ಮಂಡಿ ಬದಲಾಯಿಸಬೇಕಂತೆ. ಕಂಪ್ಯೂಟರ್‌ನಲ್ಲಿ ಮಾಡಿಸಿದ್ರೆ ಇನ್ನೂ ಜಾಸ್ತಿ ದುಡ್ಡಂತೆ. ಈ ಹಸು ಮಾರಿಬಿಡ್ಲಾ?"

ನಾನು ದನದ ಡಾಕ್ಟರು. ಆದರೆ ಎರಡನೇ ಸೂಲಿನ ಹಸು ಮಾರುವ ಮಾತು ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಓದಿ, ಮೂಳೆ ವೈದ್ಯರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು.

ಮಂಡಿ ಬದಲಿಸುವಾಗ ತೊಡೆಮೂಳೆಯ ಕೆಳತುದಿ, ಅದರ ಕೆಳಗಿನ ಕಾಲುಮೂಳೆಯ ಮೇಲ್ತುದಿ ಎರಡನ್ನೂ ತೆಳುವಾಗಿ ಕತ್ತರಿಸಿ ಲೋಹದ ಭಾಗಗಳನ್ನು ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಸೊಂಟದ ಕೀಲು, ಮಂಡಿ, ಪಾದದ ಕೀಲು ಹೆಚ್ಚುಕಡಿಮೆ ಒಂದೇ ಗೆರೆಗೆ ಬರಬೇಕು. ಓರೆಯಾದರೆ ಭಾರ ಒಂದೇ ಪಕ್ಕಕ್ಕೆ ಬಿದ್ದು, ಗಾಡಿಯ ಟೈರಿನಂತೆ ಆ ಕಡೆಯೇ ಬೇಗ ಸವೆಯಬಹುದು. ಸಾಮಾನ್ಯ ವಿಧಾನದಲ್ಲಿ ತೊಡೆಮೂಳೆಯೊಳಗೆ ಸರಳು ತೂರಿಸಿ, ಅದರ ಆಧಾರದ ಮೇಲೆ ಕತ್ತರಿಸುವ ಕೋನ ಹಿಡಿಯುತ್ತಾರೆ.

ನ್ಯಾವಿಗೇಷನ್‌ನಲ್ಲಿ ಸರಳಿಲ್ಲ. ಎರಡೂ ಮೂಳೆಗೆ ಸಣ್ಣ ಪಿನ್ನು ಹಾಕಿ, ಕ್ಯಾಮೆರಾಗೆ ಕಾಣುವ ಗುರುತುಗಳನ್ನು ಕೂರಿಸುತ್ತಾರೆ. ವೈದ್ಯರು ಕಾಲನ್ನು ಸುತ್ತಿಸಿದಾಗ ಸೊಂಟದ ಕೀಲಿನ ನಡುಬಿಂದು ಎಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಓರೆ ಎಷ್ಟು ಡಿಗ್ರಿ ಎಂಬುದು ಪರದೆಯ ಮೇಲೆ ಬರುತ್ತದೆ. ಕತ್ತರಿಸುವುದು ಮಾತ್ರ ವೈದ್ಯರ ಕೈಯೇ. ಗಾರೆಯವನ ರಸಮಟ್ಟ ಇದ್ದ ಹಾಗೆ. ಗೋಡೆ ಕಟ್ಟುವವನು ಅವನೇ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1997ರಲ್ಲೇ ಶುರುವಾದ ವಿಧಾನವಿದು, ನಿನ್ನೆ ಮೊನ್ನೆಯದಲ್ಲ.

ಲಾಭವೆಷ್ಟು? ಕಾಲಿನ ಗೆರೆ ಹೆಚ್ಚು ಸರಿಯಾಗಿ ಕೂರುತ್ತದೆ. ಆಸ್ಟ್ರೇಲಿಯಾದ ದಾಖಲೆಗಳ ಪ್ರಕಾರ, 65 ವರ್ಷದೊಳಗಿನವರಲ್ಲಿ ಮರು ಆಪರೇಷನ್ ಸ್ವಲ್ಪ ಕಡಿಮೆ. ನೋವು, ನಡಿಗೆಯಲ್ಲಿ ಹೆಚ್ಚಿನ ಅಧ್ಯಯನಗಳಿಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ. ಹಿಂದೆ ತೊಡೆಮೂಳೆ ಮುರಿದು ಸೊಟ್ಟಗೆ ಕೂಡಿದ್ದರೆ, ಒಳಗೆ ರಾಡು ಇದ್ದರೆ, ಆಗ ಇದು ನಿಜಕ್ಕೂ ಬೇಕಾಗುತ್ತದೆ. ಇಲ್ಲವಾದರೆ, ಈ ಆಪರೇಷನ್ ತುಂಬ ಮಾಡಿ ಕೈ ಪಳಗಿದ ವೈದ್ಯರು ಸಿಗುವುದೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

"ನನ್ನ ಕಾಲಿಗೆ ಇದು ಯಾಕೆ ಬೇಕು, ಇದಕ್ಕೇ ಎಷ್ಟು?" ಎಂದು ನೇರವಾಗಿ ಕೇಳಿ. ಕೃತಕ ಮಂಡಿಗೆ ಕೇಂದ್ರ ಸರ್ಕಾರ 2017ರಲ್ಲಿ ಬೆಲೆ ಮಿತಿ ಹಾಕಿದೆ. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸಲು ಹೇಳಿ. ಯಶಸ್ವಿನಿ ಕಾರ್ಡ್ ಇದ್ದರೆ, ಅಡ್ವಾನ್ಸ್ ಕಟ್ಟುವ ಮೊದಲೇ ಅದರಲ್ಲಿ ಏನೇನು ಸಿಗುತ್ತದೆ ಎಂದು ವಿಚಾರಿಸಿ.

ಇನ್ನೊಂದು. ಹೇಗೆ ಮಾಡಿಸಿದರೂ ಆಮೇಲೆ ಕುಕ್ಕರುಗಾಲಲ್ಲಿ ಕೂರಬೇಡಿ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಹಾಲು ಕರೆಯಲು ಎತ್ತರದ ಸ್ಟೂಲೋ, ಮಿಷನ್ನೋ, ಮನೆಯಲ್ಲಿ ಇನ್ನೊಬ್ಬರೋ, ಆಪರೇಷನ್ನಿಗೆ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಹೊಸ ಕೈ ಹಸುವಿಗೆ ಒಗ್ಗಲು ಕೆಲವು ದಿನ ಬೇಕು. ಅಷ್ಟರಲ್ಲಿ ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ನನ್ನನ್ನೇ ಕರೆಯಬೇಕಾದೀತು.